ನೆರಳಪ್ಪ ಅರಮನೆಯೊಳಗೆ ಹೋದ ದಿನ

ನೆರಳಪ್ಪನಿಗೆ ಕಂಪನಿಯಿಂದ ಒಂದು ದಿನದ ಸಂಬಳ ಇನ್ನೂ ಬರಬೇಕು. ದೊಡ್ಡ ಮೊತ್ತವೇನಲ್ಲ, ಕಂಪನಿಯ ಮ್ಯಾನೇಜರು ಒಂದು ಸಂಜೆ ಹೋಟೆಲಿನಲ್ಲಿ ಕೂತು ಎದ್ದರೆ ಖರ್ಚಾಗಿ ಹೋಗುವಷ್ಟು. ಆದರೆ ಬಾಕಿ ಬಾಕಿಯೇ. ಮುಷ್ಕರ ಮುಗಿದ ದಿನ ಮೇಜಿನ ಆಚೆ ಅವರು, ಈಚೆ ಯೂನಿಯನ್ನಿನ ನಾವು ಕೂತು ಒಪ್ಪಿಕೊಂಡ ಮಾತು ಅದು. ಊರು ತೋರಿಸುವ ಬಸ್ಸಿನ ಪ್ರತಿಯೊಬ್ಬ ಡ್ರೈವರಿಗೂ ವರ್ಷಕ್ಕೊಂದು ದಿನ ಸಂಬಳ ಸಮೇತ ರಜೆ. ಆ ದಿನ ಅವನು ಮನೆಯವರನ್ನು ಕರೆದುಕೊಂಡು, ತಾನು ದಿನಾ ಜನರನ್ನು ಇಳಿಸುವ ಜಾಗಗಳನ್ನು ಒಳಹೊಕ್ಕು ನೋಡಬಹುದು. ಈ ಬೇಡಿಕೆ ಬರೆದಾಗ ನಮ್ಮವರೇ ನಕ್ಕಿದ್ದರು. ಓವರ್‌ಟೈಮ್ ಕೇಳ್ರಪ್ಪಾ, ಅರಮನೆ ನೋಡಿದ್ರೆ ಯಾರ ಹೊಟ್ಟೆ ತುಂಬುತ್ತೆ ಅಂದರು. ಸೇರಿಸಲೇಬೇಕು ಎಂದು ಹಟ ಹಿಡಿದವನು ನೆರಳಪ್ಪ ಒಬ್ಬನೇ. ಕಂಪನಿ ಅದನ್ನು ಮರುಮಾತಿಲ್ಲದೆ ಒಪ್ಪಿತು. ಆಗಲೇ ನಮಗೆ ಅನುಮಾನ ಬರಬೇಕಿತ್ತು. ಇವತ್ತಿನವರೆಗೆ ಒಬ್ಬ ಡ್ರೈವರಿಗೂ ಆ ರಜೆ ಸಿಕ್ಕಿಲ್ಲ. ಕೇಳಿ ಕೇಳಿ ಸಾಕಾಗಿ ಕೊನೆಗೆ ಇವನು ಸಂಬಳ ಬಿಟ್ಟೇ ರಜೆ ಹಾಕಿದ.

ಹೆತ್ತವರು ಇಟ್ಟ ಹೆಸರು ಅವನ ಲೈಸೆನ್ಸಿನಲ್ಲಿ ಮಾತ್ರ ಇದೆ. ನೆರಳಪ್ಪ ಅಂತ ಕರೆದವರು ಜೊತೆಯ ಡ್ರೈವರುಗಳು. ಬೆಳಿಗ್ಗೆ ಕೋಟೆಯ ಹತ್ತಿರ ಬಸ್ಸು ತಂದು ಸುಡು ಬಿಸಿಲಲ್ಲೇ ನಿಲ್ಲಿಸುತ್ತಿದ್ದ. ಉಳಿದವರು ನೆರಳು ಹಿಡಿದು ನಿಲ್ಲಿಸಿ ಇವನನ್ನು ನೋಡಿ ಹಲ್ಲು ಕಿರಿಯುತ್ತಿದ್ದರು. ಜನ ಕೋಟೆ ನೋಡಿ ವಾಪಸು ಬರುವ ಹೊತ್ತಿಗೆ ಗೋಡೆಯ ನೆರಳು ಸರಿದು ಇವನ ಬಸ್ಸಿನ ಮೇಲೆ ಬಿದ್ದಿರುತ್ತಿತ್ತು, ಹಲ್ಲು ಕಿರಿದವರ ಬಸ್ಸು ಕಾದ ಕಾವಲಿಯಾಗಿರುತ್ತಿತ್ತು. ಅಷ್ಟು ಹೊತ್ತೂ ಇವನು ಬಿಸಿಲಲ್ಲಿ ಬೇಯುತ್ತಿದ್ದ. ಯಾಕಯ್ಯಾ ಅಂದರೆ, 'ಪಾಪ, ವಯಸ್ಸಾದೋರು ಬಂದು ಕೂತಾಗ ಕುಂಡಿ ಸುಡಬಾರದು ನೋಡು' ಅನ್ನುತ್ತಿದ್ದ. ಅವನ ತತ್ವಶಾಸ್ತ್ರ ಪೂರ್ತಿ ಇಷ್ಟೇ. ಭಾಷಣ ಮಾಡುವ ನಮ್ಮಲ್ಲಿ ಎಷ್ಟೋ ಜನಕ್ಕೆ ಇಷ್ಟೂ ಇರುವುದಿಲ್ಲ.

ಇಂಥವನು ಇಡೀ ಆಯುಷ್ಯ ಊರು ತೋರಿಸಿದ, ತಾನು ನೋಡಲಿಲ್ಲ. ಡ್ರೈವರ್ ಬಸ್ಸು ಬಿಟ್ಟು ಕದಲಬಾರದು ಎನ್ನುವುದು ಕಂಪನಿಯ ನಿಯಮ. ಒಳಗೆ ಪ್ರಯಾಣಿಕರ ಬ್ಯಾಗುಗಳಿರುತ್ತವೆ, ಯಾವ ಹೊತ್ತಿಗೆ ಪೊಲೀಸಿನವನು ಬಂದು ಗಾಡಿ ತೆಗಿ ಅನ್ನುತ್ತಾನೋ ಗೊತ್ತಿಲ್ಲ. ವಾರದ ರಜೆಯಲ್ಲಿ ಹೋಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೋಟೆ, ಅರಮನೆಗಳೆಲ್ಲ ಬಾಗಿಲು ಮುಚ್ಚುವ ದಿನವೇ ಕಂಪನಿ ಡ್ರೈವರಿಗೆ ವಾರದ ರಜೆ ಕೊಡುವುದು. ಬಸ್ಸು ಓಡದ ದಿನ ತಾನೇ ಅವನಿಗೆ ಬಿಡುವು. ಹೀಗಾಗಿ ಡ್ರೈವರುಗಳಿಗೆ ಆ ಜಾಗಗಳ ಹೊರಮೈ ಮಾತ್ರ ಗೊತ್ತು. ಅವರು ಇಟ್ಟಿರುವ ಹೆಸರುಗಳೂ ಹಾಗೇ. ಕೋಟೆಗೆ ಅವರ ಬಾಯಲ್ಲಿ 'ಉರಿಗೋಡೆ'. ಅರಮನೆಗೆ 'ದೊಡ್ಡಮರ'. ಹಿಂದಿನ ಅಂಗಳದಲ್ಲಿ ಬಸ್ಸು ನಿಲ್ಲಿಸುವ ಕಡೆ ಒಂದು ದೊಡ್ಡ ಮರವಿದೆ. ಊರ ನಡುವಿನ ಗಡಿಯಾರದ ಗೋಪುರಕ್ಕೆ 'ಹತ್ತು ನಿಮಿಷ'. ಅಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬಸ್ಸು ನಿಲ್ಲಿಸಿದರೆ ದಂಡ. 'ಎಲ್ಲಿದೀಯಾ?' 'ಹತ್ತು ನಿಮಿಷದಲ್ಲಿದೀನಿ, ಉರಿಗೋಡೆಗೆ ಹೋಗ್ಬೇಕು.' ಫೋನಿನಲ್ಲಿ ಅವರು ಮಾತಾಡುವುದು ಹೀಗೆ.

ಅವನ ಹೆಂಡತಿಗೆ ಬೀದಿಯಲ್ಲಿ ಇಸ್ತ್ರಿಯಕ್ಕ ಅಂತ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದ ಮೇಜು, ಅದರ ಮೇಲೆ ಮಡಚಿದ ಹಳೆ ಕಂಬಳಿ, ಗೋಡೆಗೆ ಗಂಟುಗಂಟು ಬಟ್ಟೆ. ಮಲಗುವುದು, ಅಡುಗೆ, ಎಲ್ಲ ಹಿಂದಿನ ಕೋಣೆಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಅವನು ಅರಮನೆಯ ಕನ್ನಡಿ ಕೋಣೆ ಹೀಗಿದೆಯಂತೆ, ರಾಜನ ಊಟದ ಮೇಜು ಅಷ್ಟುದ್ದವಂತೆ ಎಂದು ಬಸ್ಸಿನಲ್ಲಿ ಜನ ಆಡಿಕೊಂಡದ್ದನ್ನು ಹೇಳುತ್ತಿದ್ದ. ಆ 'ಅಂತೆ' ಹೆಂಡತಿಯ ಕಿವಿಯಲ್ಲಿ ನಿಲ್ಲಲಿಲ್ಲ. ಗಂಡ ದಿನಾ ಜನರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾನೆ ಎಂದೇ ಅವಳು ತಿಳಿದಿದ್ದಳು. ತಿಳಿದದ್ದನ್ನು ಫೋನಿನಲ್ಲಿ ತಂಗಿಗೆ ವರ್ಷಗಟ್ಟಲೆ ಹೇಳಿದಳು.

ತಂಗಿಯ ಮುಂದೆ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ. ತಂಗಿಯ ಗಂಡ, ಅಂದರೆ ನೆರಳಪ್ಪನ ಷಡ್ಡಕ, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಸ್ವಂತ ಮನೆ, ಎರಡು ಮಹಡಿ. ಕಂಡ ಕಂಡ ಊರಿಗೆಲ್ಲ ಹೋಗಿ, ಅಲ್ಲಿನ ಗೋಪುರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ ಹಾಗೆ ಫೋಟೋ ತೆಗೆಸಿಕೊಂಡು ಬರುವ ಗಿರಾಕಿ. ಆ ಫೋಟೋಗಳೆಲ್ಲ ಇಸ್ತ್ರಿಯಕ್ಕನ ಫೋನಿಗೂ ಬರುತ್ತಿದ್ದವು. ಅವಳು ನೋಡಿ, 'ಬರ್ಲಿ, ನಮ್ಮೂರಿಗೂ ಬರ್ಲಿ. ನಮ್ಮನೆಯವರು ತೋರಿಸ್ತಾರೆ, ಅವರಿಗೆ ಒಂದೊಂದು ಕಲ್ಲೂ ಗೊತ್ತು' ಅನ್ನುತ್ತಿದ್ದಳು.

ಅವರು ಬಂದೇಬಿಟ್ಟರು. ಆ ದಿನದ ಕತೆಯನ್ನು ನನಗೆ ಹೇಳಿದವಳು ಇಸ್ತ್ರಿಯಕ್ಕ. ಉಪ್ಪುಖಾರ ಹಾಕಿದ್ದು ಅವಳ ತಂಗಿ. ನೆರಳಪ್ಪ 'ಹೂಂ' ಅಂದದ್ದು ಬಿಟ್ಟರೆ ಹೆಚ್ಚೇನೂ ಹೇಳಲಿಲ್ಲ.

ತಂಗಿ, ಅವಳ ಗಂಡ ಲಾಡ್ಜಿನಲ್ಲಿ ಇಳಿದುಕೊಂಡಿದ್ದರು. ಬೆಳಿಗ್ಗೆ ಷಡ್ಡಕ ಫೋನ್ ಮಾಡಿ, 'ಅಣ್ಣಾ, ಎಲ್ಲಿಗೆ ಬರೋಣ?' ಅಂದ. ನೆರಳಪ್ಪ ಎಂದಿನ ಹಾಗೆ, 'ಹತ್ತು ನಿಮಿಷಕ್ಕೆ ಬಂದುಬಿಡಿ. ನಾವೂ ಅಲ್ಲಿಗೇ ಬರ್ತೀವಿ' ಎಂದು ಫೋನ್ ಇಟ್ಟ. ಅವನೂ ಇಸ್ತ್ರಿಯಕ್ಕನೂ ಗಡಿಯಾರದ ಗೋಪುರದ ಕೆಳಗೆ ಹೋಗಿ ನಿಂತರು. ಮೇಲೆ ಗಡಿಯಾರ ಒಂದು ಸಲ ಹೊಡೆಯಿತು, ಇನ್ನೊಂದು ಸಲವೂ ಹೊಡೆಯಿತು. ಅತ್ತ ಲಾಡ್ಜಿನ ಬಾಗಿಲಲ್ಲಿ ಆ ಇಬ್ಬರು, ಒಬ್ಬಳದು ಅರ್ಧ ಬಾಚಿದ ತಲೆ, ಇನ್ನೊಬ್ಬನದು ಅರ್ಧ ಬೋಳಿಸಿದ ಗಡ್ಡ. ಹತ್ತು ನಿಮಿಷದಲ್ಲಿ ಬರುತ್ತಾರೆಂದು ಬಿದ್ದಂಬೀಳ ಇಳಿದು ಬಂದವರು ಕಾದೇ ಕಾದರು. ಕೊನೆಗೆ ಫೋನಿನಲ್ಲಿ ವಿಷಯ ಬಿಡಿಸಿಕೊಂಡು ಗೋಪುರದ ಹತ್ತಿರ ಬಂದಾಗ ನಾದಿನಿಯ ಮುಖ ಊದಿಕೊಂಡಿತ್ತು.

'ಏನ್ ಭಾವ, ಗೋಪುರ ಅನ್ನಕ್ಕೆ ಬಾಯಿ ನೋಯುತ್ತಾ?'

'ನಮ್ ಕಡೆ ಹಾಗೇ ಅನ್ನೋದು ಕಣಮ್ಮಾ.'

'ನಿಮ್ ಕಡೆ ಮದುವೆಗೆ ಏನಂತಾರೆ? ಜೀವಾವಧಿ ಅಂತಾರಾ?'

'ಅದಕ್ಕೆ ಪಾರ್ಕಿಂಗ್ ಸಿಗಲ್ಲ, ಹೆಸರಿಟ್ಟಿಲ್ಲ' ಅಂದ ನೆರಳಪ್ಪ. ನಾದಿನಿಯ ಮುಖ ಸಡಿಲವಾಯಿತು. ಷಡ್ಡಕ ಅರ್ಧ ಗಡ್ಡದಲ್ಲೇ ಗೋಪುರದ ತುದಿ ಹಿಡಿದು ಫೋಟೋ ತೆಗೆಸಿಕೊಂಡ.

ಅಲ್ಲಿಂದ ಕೋಟೆಗೆ. ನೆರಳಪ್ಪ ತನಗೆ ಗೊತ್ತಿದ್ದ ದಾರಿಯಲ್ಲೇ ಕರೆದುಕೊಂಡು ಹೋದ. ಆ ದಾರಿ ಸೀದಾ ಹೋಗಿ ನಿಂತದ್ದು ಬಸ್ಸು ನಿಲ್ಲಿಸುವ ಬಯಲಿನಲ್ಲಿ. ಅಲ್ಲಿ ಅವನ ದರ್ಬಾರೇ ದರ್ಬಾರು. 'ಏನ್ ನೆರಳಣ್ಣಾ, ಬಸ್ಸೆಲ್ಲಿ?' ಎಂದು ಕಾವಲಿನವನು ಕೇಳಿದರೆ, 'ಇವತ್ತು ಅದಕ್ಕೂ ರಜ' ಅಂದ. ಟೀ ಅಂಗಡಿಯ ಹೆಂಗಸು ನಾಲ್ಕು ಲೋಟ ತಂದು ಕೈಗಿಟ್ಟು, 'ಇವರು ಇಲ್ಲದಿದ್ರೆ ನನ್ನ ಗಾಡೀನ ಯಾವತ್ತೋ ಎತ್ತಿ ಒಗೀತಿದ್ರು. ಅವತ್ತು ನಾಲ್ಕು ಬಸ್ಸು ಅಡ್ಡ ನಿಲ್ಲಿಸಿಬಿಟ್ರು' ಎಂದು ಹಳೆಯದೊಂದು ಜಗಳ ನೆನೆಸಿದಳು. ನಾದಿನಿ ಕಣ್ಣರಳಿಸಿದಳು. 'ಅಕ್ಕಾ, ಭಾವನ್ನ ಇಲ್ಲಿ ಎಲ್ರೂ ಗುರ್ತು ಹಿಡೀತಾರಲ್ಲೇ.' ಇಸ್ತ್ರಿಯಕ್ಕನ ಬೆನ್ನು ನೆಟ್ಟಗಾಯಿತು.

ಟೀ ಮುಗಿದ ಮೇಲೆ ಷಡ್ಡಕ ಲೋಟ ಕೆಳಗಿಟ್ಟು ಕೇಳಿದ. 'ಸರಿ ಅಣ್ಣಾ, ಕೋಟೆ ಬಾಗಿಲು ಯಾವ ಕಡೆ?'

ಇಷ್ಟು ವರ್ಷವೂ ನೆರಳಪ್ಪ ನೋಡಿದ್ದು ಇಷ್ಟೇ. ಜನ ಬಸ್ಸಿಳಿಯುತ್ತಾರೆ, ಗೈಡು ಬಣ್ಣದ ಕೊಡೆ ಎತ್ತಿ ಹಿಡಿಯುತ್ತಾನೆ, ಗುಂಪು ಅವನ ಹಿಂದೆ ಗೋಡೆಯ ತಿರುವಿನಲ್ಲಿ ಮರೆಯಾಗುತ್ತದೆ. ಅವನೂ ಆ ತಿರುವಿಗೆ ಹೋದ. ಆಚೆ ಎರಡು ದಾರಿಗಳಿದ್ದವು. ಕೊಡೆ ಯಾವ ಕಡೆ ಹೋಗುತ್ತಿತ್ತು ಎನ್ನುವುದು ಬಸ್ಸಿನ ಗಾಜಿನೊಳಗಿಂದ ಯಾವತ್ತೂ ಕಂಡಿರಲಿಲ್ಲ. ಅಗಲವಿದ್ದ ದಾರಿ ಹಿಡಿದ. ಡ್ರೈವರ್ ಬುದ್ಧಿ, ಅಗಲವಿದ್ದದ್ದೇ ದಾರಿ. ಗೋಡೆಯ ಬುಡದಲ್ಲಿ ಬಹಳ ದೂರ ನಡೆದ ಮೇಲೆ ತುಕ್ಕು ಹಿಡಿದ ಕಬ್ಬಿಣದ ಗೇಟು, ಕಸದ ಲಾರಿ, ನಾಲ್ಕಾರು ಬೆಕ್ಕುಗಳು ಎದುರಾದವು. ಷಡ್ಡಕ ಕನ್ನಡಕ ಏರಿಸಿ ಗೇಟಿನ ಮೇಲಿನ ಫಲಕವನ್ನು ಗಟ್ಟಿಯಾಗಿ ಓದಿದ. 'ಇಲ್ಲಿ ಕಸ ಹಾಕಬಾರದು. ಇದು ಯಾವ ರಾಜನ ಕಾಲದ ಶಾಸನ ಅಣ್ಣಾ?'

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಸ್ತ್ರಿಯಕ್ಕ ನಗಲಿಲ್ಲ. ಗಂಡನ ಮುಖವನ್ನೇ ನೋಡಿದಳು. ಕೋಟೆ ಸಾಕು, ಕಾಲು ಸೋತಿತು, ಅರಮನೆಗೆ ಹೋಗೋಣ ಎಂದು ನಾದಿನಿ ಅಂದದ್ದೇ ಎಲ್ಲರಿಗೂ ಬಿಡುಗಡೆಯಾಯಿತು.

ಸಿಟಿ ಬಸ್ಸಿನಲ್ಲಿ ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತರು. ಅವಳು ದನಿ ತಗ್ಗಿಸಿ ಕೇಳಿದಳು.

'ರೀ, ಅರಮನೆ ಬಾಗಿಲಾದ್ರೂ ಗೊತ್ತಾ?'

'ಗೊತ್ತು. ಹೊರಗಿಂದ.'

'ಒಳಗೆ?'

'ಹೋಗಿಲ್ಲ.'

'ಒಂದು ಸಲಾನೂ?'

'ಬಸ್ಸು ಯಾರು ನೋಡ್ಕೋತಾರೆ?'

'ಮತ್ತೆ ಆ ಕನ್ನಡಿ ಕೋಣೆ?'

'ಜನ ಮಾತಾಡ್ಕೊಳ್ಳೋದು ಕೇಳಿ ಹೇಳ್ತಿದ್ದೆ. ನೀನು ಅಷ್ಟು ಖುಷಿಯಾಗಿ ಕೇಳ್ತಿದ್ದೆ, ನಾನು ನೋಡಿಲ್ಲ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ.'

ಅವಳು ಕಿಟಕಿಯ ಕಡೆ ತಿರುಗಿದಳು. 'ಅವಳ ಮುಂದೆ ನನ್ನ ಮುಖ ಎಲ್ಲಿಟ್ಕೊಳ್ಳಲಿ? ಒಂದೊಂದು ಕಲ್ಲೂ ಗೊತ್ತು ಅಂದಿದೀನಲ್ರೀ' ಅಂದಳು.

ಅರಮನೆಯ ಟಿಕೆಟ್ ಕಿಟಕಿಯ ಮುಂದೆ ಷಡ್ಡಕ ಕೇಳಿದ. 'ಅಣ್ಣಾ, ಮೂರೇ ತಗೊಳ್ಳಲಾ? ದಿನಾ ಬರೋರಿಗೆ ಟಿಕೆಟ್ ಇರಲ್ಲ ಅಲ್ವಾ?' ಹೂಂ ಎನ್ನದೆ ಅಲ್ಲ ಎನ್ನದೆ ಅಲ್ಲಿಂದ ಜಾರಿಕೊಳ್ಳಬಹುದಿತ್ತು. ಬಸ್ಸಿನಲ್ಲಿ ಕೇಳಿದ್ದನ್ನೇ ಕೋಣೆಯಿಂದ ಕೋಣೆಗೆ ಒದರುತ್ತಾ ಹೇಗೋ ಹೊತ್ತು ಕಳೆಯಬಹುದಿತ್ತು. ನೆರಳಪ್ಪ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳುವ ಹಾಗೆ ಹೇಳಿದ.

'ನಾಲ್ಕು ತಗೊಳ್ಳಿ. ನಾನು ಒಳಗೆ ಹೋಗೇ ಇಲ್ಲ.'

'ಏನ್ ಭಾವ, ತಮಾಷೆನಾ?' ಅಂದಳು ನಾದಿನಿ.

'ಇಲ್ಲಮ್ಮ. ನಿಮ್ಮಕ್ಕ ಸುಳ್ಳು ಹೇಳಿಲ್ಲ, ಅವಳು ನಂಬಿದ್ದು ಹೇಳಿದಾಳೆ. ನಾನು ಬಸ್ಸು ಕಾಯೋನು ಅಂತ ಅವಳಿಗೆ ಬಿಡಿಸಿ ಹೇಳ್ದೇ ಇದ್ದೋನು ನಾನು.'

ಲಾಠಿಗೆ ಎದೆ ಕೊಟ್ಟು ನಿಂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರ ಪಕ್ಕದಲ್ಲೇ ನಿಂತು ಪೆಟ್ಟು ತಿಂದಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ಜನ ನಾದಿನಿಯ ಎದುರು ನಿಂತು ಇಂಥದ್ದೊಂದು ಮಾತು ಆಡಲಾರರು. ಷಡ್ಡಕ ಕೆಮ್ಮು ಬರುವಷ್ಟು ನಕ್ಕ. 'ಅಂದ್ರೆ ನಿಮಗೂ ನಮ್ಮಷ್ಟೇ ಗೊತ್ತು ಅನ್ನಿ.' 'ನಿಮಗಿಂತ ಕಮ್ಮಿ' ಅಂದ ನೆರಳಪ್ಪ. ಇಸ್ತ್ರಿಯಕ್ಕ ತಲೆ ಬಗ್ಗಿಸಿಕೊಂಡು ಟಿಕೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮಡಚುತ್ತಿದ್ದಳು.

ಒಳಗೆ ಅವಳು ಎಲ್ಲರಿಗಿಂತ ಎರಡು ಕೋಣೆ ಮುಂದೆಯೇ ನಡೆದಳು. ಅವನು ನಿಧಾನವಾಗಿ ನೋಡಿದ. ಕನ್ನಡಿ ಕೋಣೆಯಲ್ಲಿ ತಾನು ಎಷ್ಟು ಬಾರಿ ಕಾಣುತ್ತೇನೆಂದು ಸುತ್ತ ತಿರುಗಿ ನೋಡಿದ. ಊಟದ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಡೆದ. ಆದರೆ ಯಾವ ಕೋಣೆಗೆ ಹೋದರೂ ಮೊದಲು ಅವನ ಕಾಲು ಎಳೆಯುತ್ತಿದ್ದದ್ದು ಕಿಟಕಿಯ ಕಡೆಗೆ. ಎಲ್ಲೇ ಇರಲಿ, ಗಾಡಿ ಎಲ್ಲಿದೆ ಎಂದು ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಒಂದು ಸಣ್ಣ ಕಿಟಕಿ. ಕೆಳಗೆ ಹಿಂದಿನ ಅಂಗಳ, ಮರ, ಸಾಲು ಬಸ್ಸುಗಳು. ಅವನು ಹೆಂಡತಿಯನ್ನು ಕರೆದ. ಅವಳು ಮುಖ ಗಂಟು ಹಾಕಿಕೊಂಡೇ ಬಂದಳು.

'ಅಲ್ನೋಡು. ಆ ಮೂಲೇಲಿ ಗೋಡೆ ಹತ್ರ ಒಂದು ತಗಡಿನ ಡಬ್ಬ ಇದೆಯಲ್ಲ, ಅದು ನಂದು.'

'ಏನಕ್ಕೆ?'

'ಕೂತ್ಕೊಳ್ಳಕ್ಕೆ.'

ಒಬ್ಬ ಡ್ರೈವರ್ ಗಾಜು ಒರೆಸುತ್ತಿದ್ದ, ಒಬ್ಬ ಕ್ಯಾನಿನಲ್ಲಿ ನೀರು ಹೊತ್ತು ತರುತ್ತಿದ್ದ, ಮೂವರು ಮರದ ಬುಡದಲ್ಲಿ ಚೀಲ ಹಾಸಿಕೊಂಡು ಕೂತಿದ್ದರು.

'ಊಟ?' ಅಂದಳು.

'ಅಲ್ಲೇ.'

'ಮಳೆ ಬಂದ್ರೆ?'

'ಬಸ್ಸೊಳಗೆ.'

ಅವಳು ಕಿರುಬೆರಳು ಎತ್ತಿ ತೋರಿಸಿದಳು. 'ಇದಕ್ಕೆ?'

'ಕಾಂಪೌಂಡ್ ಹಿಂದೆ. ಒಳಗಿರೋದು ಟಿಕೆಟ್ ಇದ್ದೋರಿಗೆ.'

ಅವಳು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಪಹರೆಯವನು ಬಂದು, 'ಮುಂದೆ ಹೋಗಿಯಮ್ಮ, ಅಲ್ಲೇನಿದೆ ನೋಡಕ್ಕೆ, ಬರೀ ಪಾರ್ಕಿಂಗು' ಅಂದ. ಅವಳು ಅವನ ಕಡೆ ತಿರುಗಿ ನೋಡಲೂ ಇಲ್ಲ.

'ಅವರಲ್ಲಿ ಯಾರಾದ್ರೂ ಇದರೊಳಗೆ ಬಂದಿದಾರಾ?'

'ಯಾರು ಬರ್ತಾರೆ? ಎಲ್ರೂ ನನ್ನ ಹಾಗೇ.'

'ಹಾಗಿದ್ರೆ ನಡೀರಿ ಕೆಳಗೆ' ಅಂದಳು ಇಸ್ತ್ರಿಯಕ್ಕ.

ಮರದ ಬುಡಕ್ಕೆ ಹೋಗಿ ನಿಂತವಳೇ ಅಪ್ಪಣೆ ಹೊರಡಿಸಿದಳು. 'ಏಳ್ರಪ್ಪಾ. ಅರಮನೆ ನೋಡ್ಕೊಂಡು ಬನ್ನಿ. ನಿಮ್ಮ ನೆರಳಣ್ಣ ತೋರಿಸ್ತಾರೆ.' ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಬಸ್ಸು, ಅತ್ತಿಗೆ?' ಅಂದ ಒಬ್ಬ. 'ನಾವಿದೀವಿ.' ಅಡ್ಡಿ ಬಂದವನು ನೆರಳಪ್ಪನೇ. 'ಲೇ, ಒಳಗೆ ಜನರ ಬ್ಯಾಗುಗಳಿವೆ. ಒಂದು ಹೋದ್ರೂ ಇವರ ಕೆಲಸ ಹೋಗುತ್ತೆ.'

'ನಾನು ಊರೋರ ಬಟ್ಟೆ ಮನೇಲಿಟ್ಕೊಂಡಿರೋಳು. ಇವತ್ತಿನವರೆಗೆ ಒಂದು ಕರ್ಚೀಫು ಕಳೆದಿಲ್ಲ.'

ಹೆಂಡತಿಯ ಜೊತೆ ಹಿಂದೆಯೇ ಇಳಿದು ಬಂದಿದ್ದ ಷಡ್ಡಕ ಗಂಟಲು ಸರಿಮಾಡಿಕೊಂಡ. 'ಬ್ಯಾಂಕಲ್ಲಿ ನಾನು ನೋಡ್ಕೊಳ್ತಿದ್ದದ್ದು ಲಾಕರ್ ಅಣ್ಣಾ. ನೀವು ಹೋಗಿ ಬನ್ನಿ' ಎಂದು ಹೇಳಿ, ಐವರಿಗೂ ನೆರಳಪ್ಪನಿಗೂ ತಾನೇ ಟಿಕೆಟ್ ತಂದುಕೊಟ್ಟು, ಮೊದಲನೇ ಬಸ್ಸಿನ ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಅವನ ಬಗ್ಗೆ ಮೇಲೆ ಬರೆದದ್ದನ್ನು ನಾನು ಹೊಡೆದು ಹಾಕುವುದಿಲ್ಲ, ಇದನ್ನೂ ಬರೆಯುತ್ತೇನೆ. ನಾದಿನಿ ಎಲ್ಲಿಂದಲೋ ಒಂದು ಕೋಲು ಹುಡುಕಿ ತಂದು ಬಸ್ಸುಗಳ ಸುತ್ತ ಗಸ್ತು ಹೊಡೆಯತೊಡಗಿದಳು.

ಐವರನ್ನು ಕರೆದುಕೊಂಡು ನೆರಳಪ್ಪ ಒಳಗೆ ಹೋದ. ಆಗಷ್ಟೇ ನೋಡಿ ಬಂದದ್ದನ್ನು ಬಿಸಿಬಿಸಿಯಾಗಿ ತೋರಿಸಿದ. 'ಇದು ಕನ್ನಡಿ ಕೋಣೆ. ಯಾವ ಕಡೆ ತಿರುಗಿದ್ರೂ ನಿಮ್ಮ ಮುಖಾನೇ, ಸಹಿಸ್ಕೊಳ್ಳಿ.' 'ಇದು ರಾಜ ಊಟ ಮಾಡ್ತಿದ್ದ ಮೇಜು. ಆ ತುದಿಯಿಂದ ಉಪ್ಪು ಕೇಳಿದ್ರೆ ಬರೋ ಹೊತ್ತಿಗೆ ಊಟ ಮುಗಿದಿರುತ್ತೆ.' ಗೊತ್ತಿಲ್ಲದ ಕಡೆ, 'ಇದು ಗೊತ್ತಿಲ್ಲ, ಚೆನ್ನಾಗಿದೆ, ನೋಡಿ' ಅಂದ. ಯಾರೋ ಬೇರೆ ಊರಿನ ಪ್ರವಾಸಿಗರು ಗೈಡನ್ನು ಬಿಟ್ಟು ಇವನ ಹಿಂದೆ ಬಂದರಂತೆ. ಇದನ್ನು ಹೇಳಿದವನು ಆ ಐವರಲ್ಲಿ ಒಬ್ಬ. ಅವನು ಸ್ವಲ್ಪ ಬುರುಡೆ ಬಿಡುವ ಪೈಕಿ, ನೀವೇ ತೂಗಿ ನೋಡಿಕೊಳ್ಳಿ.

ಕೆಳಗೆ ನಿಂತಿದ್ದ ನಾದಿನಿ ತಲೆ ಎತ್ತಿದಳು. ಮೇಲಿನ ಸಣ್ಣ ಕಿಟಕಿಯಲ್ಲಿ ತಲೆಗಳು ಒಂದರ ಮೇಲೊಂದು ತುರುಕಿಕೊಂಡಿದ್ದವು, ಅವುಗಳ ನಡುವಿನಿಂದ ಒಂದು ಕೈ ಚಾಚಿ ಬಸ್ಸುಗಳ ಕಡೆ ಏನನ್ನೋ ತೋರಿಸುತ್ತಿತ್ತು.

'ನೋಡೇ ಅಕ್ಕಾ, ಭಾವ ತೋರಿಸ್ತಿದಾರೆ.'

'ಹೇಳಿರ್ಲಿಲ್ವಾ ನಾನು, ತೋರಿಸ್ತಾರೆ ಅಂತ' ಅಂದಳು ಇಸ್ತ್ರಿಯಕ್ಕ. ಯಾವ ಸಂಕೋಚವೂ ಇಲ್ಲದೆ ಅಂದಳು.

ಒಂದು ಬ್ಯಾಗೂ ಹೋಗಲಿಲ್ಲ. ಪ್ರಯಾಣಿಕರು ಬರುವ ಮೊದಲೇ ಐವರೂ ತಮ್ಮ ತಮ್ಮ ಸೀಟಿನಲ್ಲಿದ್ದರು. ಆದರೆ ಷಡ್ಡಕನ ಚಟ ಬಿಡಬೇಕಲ್ಲ, ಬಸ್ಸಿನ ಸ್ಟೇರಿಂಗ್ ಹಿಡಿದು ಒಂದು ಫೋಟೋ ತೆಗೆಸಿಕೊಂಡು ಊರಿಗೆಲ್ಲ ಹಂಚಿದ. ಅದು ಸುತ್ತಾಡಿ ಕಂಪನಿಗೂ ಮುಟ್ಟಿ, ಐವರಿಗೂ ನೋಟಿಸು ಬಂತು. ನಾವು ಮತ್ತೆ ಗೇಟಿನ ಮುಂದೆ ಕೂತೆವು, ನೋಟಿಸು ವಾಪಸು ಹೋಯಿತು. ನಿಯಮ ಮಾತ್ರ ಹಾಗೇ ಇದೆ. ಅದನ್ನು ತೆಗೆಸುವ ಕೆಲಸ ನಮ್ಮದು, ನಾವು ಮಾಡುತ್ತೇವೆ.

ನಿಮ್ಮಿಂದ ಬೇಕಾದದ್ದು ಬೇರೆ. ನೀವೂ ಯಾವತ್ತಾದರೂ ಇಂಥ ಬಸ್ಸಿನಲ್ಲಿ ಕೂತು ಕೋಟೆಯೋ ಅರಮನೆಯೋ ನೋಡಲು ಹೋಗುವವರೇ. ಇಳಿದ ಕೂಡಲೇ ಗೈಡಿನ ಕೊಡೆಯ ಹಿಂದೆ ಓಡಬೇಡಿ. ನಿಮ್ಮ ಗುಂಪಿನಲ್ಲಿ ಒಬ್ಬರನ್ನು, ಗಂಡನೋ ಭಾವಮೈದುನನೋ ಯಾರೋ ಒಬ್ಬರನ್ನು, ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿ. ಡ್ರೈವರಿಗೆ ಒಂದು ಟಿಕೆಟ್ ತಂದುಕೊಟ್ಟು, ಹೋಗಿ ನೋಡಿಕೊಂಡು ಬನ್ನಿ ಅನ್ನಿ. ಅವನು ಬೇಡ ಅನ್ನುತ್ತಾನೆ. ಇನ್ನೊಂದು ಸಲ ಹೇಳಿ. ಯಾರೂ ಕೂರಲು ಒಪ್ಪದಿದ್ದರೆ ನೀವೇ ಕೂತುಕೊಳ್ಳಿ. ಕೂರುತ್ತೀರೋ ಇಲ್ಲವೋ?